ಚೀನಿಕಾಯಿ ಹಿತ್ತಲಿನ ಕಳೆ: ಕೆಲಸ ಇರುವುದು ಮೊದಲ ಆರು ವಾರದಲ್ಲಿ

ಪ್ರಶ್ನೆ: ನಮ್ಮದು ಹೊಸನಗರ ಕಡೆಯ ಹಳ್ಳಿ. ಮನೆ ಹಿಂದೆ ಐದಾರು ಗುಂಡಿ ತೆಗೆದು ಚೀನಿಕಾಯಿ (ಸಿಹಿಗುಂಬಳ) ಹಾಕುತ್ತೇನೆ. ಜೂನ್‌ನಲ್ಲಿ ಚೆನ್ನಾಗಿಯೇ ಹುಟ್ಟುತ್ತದೆ. ಜುಲೈ ಮಳೆಗೆ ಹಿತ್ತಲಿಗೆ ಹೋಗಲು ಆಗುವುದಿಲ್ಲ. ಮಳೆ ಸ್ವಲ್ಪ ಬಿಟ್ಟ ಮೇಲೆ ನೋಡಿದರೆ ಬಳ್ಳಿಯೇ ಕಾಣದಷ್ಟು ಕಳೆ. ಕಳೆದ ವರ್ಷ ಆಗಸ್ಟ್‌ನಲ್ಲಿ ಆಳು ಕರೆದು ಪೂರ್ತಿ ಕೀಳಿಸಿ ಸ್ವಚ್ಛ ಮಾಡಿಸಿದೆ. ನಾಲ್ಕೇ ದಿನಕ್ಕೆ ಬಳ್ಳಿ ಬಾಡಿತು, ಕೂತಿದ್ದ ಮಿಡಿಗಳೆಲ್ಲ ಹಳದಿಯಾಗಿ ಉದುರಿದವು. ಜೇಕು, ಗರಿಕೆ ಅಂತೂ ಎಷ್ಟು ಕಿತ್ತರೂ ಹೋಗುವುದಿಲ್ಲ. ಪಕ್ಕದ ಮನೆಯವರು ಹುಲ್ಲಿನ ಔಷಧಿ ಹೊಡೆಯಿರಿ ಅನ್ನುತ್ತಾರೆ. ಹೊಡೆಯಬಹುದಾ?

ಉತ್ತರ: ಔಷಧಿ ಬೇಡ. ಯಾಕೆ ಅಂತ ಕೊನೆಗೆ ವಿವರವಾಗಿ ಹೇಳುತ್ತೇನೆ. ಮೊದಲು ಆಗಸ್ಟ್‌ನಲ್ಲಿ ಏನಾಯಿತು ಅನ್ನುವುದು ನಿಮಗೆ ಅರ್ಥವಾಗಬೇಕು, ಅದು ಅರ್ಥವಾದರೆ ಉಳಿದದ್ದೆಲ್ಲ ತಾನಾಗೇ ಬಿಡಿಸಿಕೊಳ್ಳುತ್ತದೆ.

ಕುಂಬಳದ ತಾಯಿಬೇರು ಆಳಕ್ಕೆ ಹೋಗುತ್ತದೆ ನಿಜ. ಆದರೆ ಗೊಬ್ಬರ, ನೀರು ಎಳೆದುಕೊಳ್ಳುವ ಸಣ್ಣ ಬೇರುಗಳು ಮಣ್ಣಿನ ಮೇಲ್ಪದರದಲ್ಲೇ ಹರಡಿರುತ್ತವೆ, ಬಳ್ಳಿ ಎಲ್ಲಿಯವರೆಗೆ ಹೋಗಿದೆಯೋ ಹೆಚ್ಚುಕಡಿಮೆ ಅಲ್ಲಿಯವರೆಗೂ. ಇನ್ನೊಂದು ವಿಷಯ ಇದೆ. ಬಳ್ಳಿ ನೆಲದ ಮೇಲೆ ಓಡುವಾಗ ಗೆಣ್ಣು ಹಸಿ ಮಣ್ಣಿಗೆ ತಾಗಿದಲ್ಲೆಲ್ಲ ಹೊಸ ಬೇರು ಬಿಡುತ್ತದೆ. ನಮ್ಮ ಮಲೆನಾಡಿನ ಮಳೆಯಲ್ಲಂತೂ ಕೇಳುವುದೇ ಬೇಡ. ಆಗಸ್ಟ್ ಹೊತ್ತಿಗೆ ನಿಮ್ಮ ಬಳ್ಳಿ ಆ ಗುಂಡಿಯ ಬೇರಿನಿಂದ ಮಾತ್ರ ಬದುಕುತ್ತಿರಲಿಲ್ಲ, ಹತ್ತಾರು ಕಡೆ ನೆಲ ಕಚ್ಚಿತ್ತು. ಜೊತೆಗೆ ಬಳ್ಳಿಯ ಸುರುಳಿ ಕುಡಿಗಳು ಕಳೆ ಗಿಡಗಳನ್ನೇ ಆಸರೆ ಮಾಡಿಕೊಂಡು ಸುತ್ತಿದ್ದವು. ಮೊಣಕಾಲೆತ್ತರ ಬೆಳೆದ ಕಳೆಯನ್ನು ಬುಡಸಮೇತ ಎಳೆದಾಗ ಅದರ ಬೇರಿನ ಹೆಂಟೆಯ ಜೊತೆ ಕುಂಬಳದ ಬೇರೂ ಕಿತ್ತು ಬಂತು, ಗೆಣ್ಣುಗಳೂ ಎದ್ದವು. ಅದರ ಮೇಲೆ ವಾರಗಟ್ಟಲೆ ಮೋಡದಲ್ಲಿ, ಕಳೆಯ ನೆರಳಲ್ಲಿ ಇದ್ದ ಎಲೆಗಳಿಗೆ ಒಮ್ಮೆಲೇ ಬಿಸಿಲು ತಾಗಿತು. ಬೇರು ಅರ್ಧ ಹೋಗಿದೆ, ಎಲೆ ಅಷ್ಟೇ ದೊಡ್ಡದಿದೆ, ನೀರು ಸಾಲದೆ ಬಳ್ಳಿ ಬಾಡಿತು. ಬಳ್ಳಿ ಸೋತಾಗ ಮೊದಲು ಕೈಬಿಡುವುದು ಮಿಡಿಗಳನ್ನೇ.

ಇದರಲ್ಲಿ ನಿಮ್ಮ ಆಳುಗಳ ತಪ್ಪೇನೂ ಇಲ್ಲ. ಅವರು ಚೆನ್ನಾಗಿಯೇ ಕೆಲಸ ಮಾಡಿದರು, ಆ ಕೆಲಸ ಜೂನ್‌ನಲ್ಲಿ ಆಗಬೇಕಿತ್ತು ಅಷ್ಟೇ.

ಕುಂಬಳದ ಸ್ವಭಾವ ನೋಡಿ. ಬೀಜ ದಪ್ಪ, ಒಂದು ವಾರದೊಳಗೆ ಮೊಳಕೆ ಬರುತ್ತದೆ, ಅಲ್ಲಿಯವರೆಗೆ ಚುರುಕು. ಆಮೇಲೆ ಸುಮಾರು ಒಂದು ತಿಂಗಳು ನಾಲ್ಕೈದು ಎಲೆ ಬಿಟ್ಟುಕೊಂಡು ಇದ್ದಲ್ಲೇ ಇರುತ್ತದೆ. ಗುಂಡಿಯಿಂದ ಗುಂಡಿಗೆ ನಾವು 2 ಮೀಟರ್ ಅಥವಾ ಇನ್ನೂ ಜಾಸ್ತಿ ಅಂತರ ಬಿಟ್ಟಿರುತ್ತೇವೆ. ಅಷ್ಟು ಜಾಗ ಒಂದು ತಿಂಗಳು ಸುಮ್ನೆ ಬಯಲಾಗಿ ಮಳೆ ಕುಡಿಯುತ್ತಾ ಬಿದ್ದಿರುತ್ತದೆ. ಗೊಬ್ಬರ ಹಾಕಿದ ಮಣ್ಣು, ಬೆಚ್ಚಗಿನ ಹವೆ, ನೀರು, ಬೆಳಕು ಎಲ್ಲ ಇರುವಾಗ ಕಳೆ ಬರದೆ ಇನ್ನೇನು ಬರುತ್ತದೆ? ಬಿತ್ತಿದ ಮೇಲಿನ ಮೊದಲ ಒಂದೂವರೆ ತಿಂಗಳು ಕಳೆಯನ್ನು ತಡೆದರೆ ಸಾಕು. ಆಮೇಲೆ ಬಳ್ಳಿ ಓಡಲು ಶುರು ಮಾಡುತ್ತದೆ, ಮೊರದಗಲ ಎಲೆ ಬಿಟ್ಟು ನೆಲಕ್ಕೆ ಬೆಳಕೇ ಬೀಳದಂತೆ ಮಾಡುತ್ತದೆ. ಅದಾದ ಮೇಲೆ ಹುಟ್ಟುವ ಕಳೆಯಿಂದ ಫಸಲಿಗೆ ದೊಡ್ಡ ನಷ್ಟ ಇಲ್ಲ. ಬಳ್ಳಿಗಿಂತ ಮುಂಚೆ ಹುಟ್ಟಿ ಎತ್ತರವಾದ ಕಳೆಯೇ ಫಸಲು ತಿನ್ನುವುದು.

ತೊಂದರೆ ಏನೆಂದರೆ, ಜೂನ್‌ನಲ್ಲಿ ಬಿತ್ತಿದರೆ ಆ ಆರು ವಾರ ಸರಿಯಾಗಿ ನಮ್ಮ ಜೋರು ಮಳೆಯ ಮೇಲೇ ಬಂದು ಬೀಳುತ್ತದೆ. ಶಿವಮೊಗ್ಗ ಪೇಟೆ, ಶಿಕಾರಿಪುರ ಕಡೆಯವರಿಗೆ ಇದು ಅಷ್ಟು ಕಷ್ಟವಲ್ಲ, ನಡುವೆ ಬಿಸಿಲು ಸಿಗುತ್ತದೆ, ಗುದ್ದಲಿ ಆಡಿಸಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಶಿವಮೊಗ್ಗ ಪೇಟೆಗೆ ಅದರ ಕಾಲುಭಾಗವೂ ಇಲ್ಲ. ಹೊಸನಗರ, ತೀರ್ಥಹಳ್ಳಿಯ ಘಟ್ಟದ ಅಂಚಿನ ಊರುಗಳು ಆಗುಂಬೆಯ ಬಳಗಕ್ಕೇ ಸೇರಿದವು. ಅಲ್ಲಿ ಜುಲೈನಲ್ಲಿ ಕಳೆ ತೆಗೆಯುತ್ತೇನೆ ಅಂತ ಲೆಕ್ಕ ಹಾಕುವುದೇ ತಪ್ಪು. ಕಿತ್ತು ಬಿಸಾಡಿದ ಕಳೆ ಕೂಡ ಒಣಗುವುದಿಲ್ಲ, ಬಿದ್ದಲ್ಲೇ ಮತ್ತೆ ಬೇರು ಬಿಡುತ್ತದೆ.

ಹಾಗಾಗಿ ನನ್ನ ಮೊದಲ ಸಲಹೆ, ಜೂನ್‌ಗೆ ಕಾಯದೆ ಮುಂಚೆಯೇ ಬಿತ್ತಿ. ಬಾವಿಯಲ್ಲಿ ನೀರಿದ್ದರೆ ಕೃತ್ತಿಕಾ ಮಳೆಯ ಹೊತ್ತಿಗೆ, ಅಂದರೆ ಮೇ ಎರಡನೇ ವಾರದ ಸುಮಾರಿಗೆ ಬೀಜ ಹಾಕಿ. ಐದಾರು ಗುಂಡಿಗೆ ದಿನಾ ಒಂದೊಂದು ಬಿಂದಿಗೆ ನೀರು ಹಾಕುವುದು ದೊಡ್ಡ ಕೆಲಸವಲ್ಲ. ಜೂನ್ ಕೊನೆಗೆ, ಆರ್ದ್ರಾ ಮಳೆ ಹಿಡಿಯುವ ಹೊತ್ತಿಗೆ ಬಳ್ಳಿ ಓಡುತ್ತಾ ಇರುತ್ತದೆ. ಪುನರ್ವಸು, ಪುಷ್ಯದ ಮಳೆ ಬರುವಾಗ ಅದು ತನ್ನ ನೆಲ ತಾನೇ ಮುಚ್ಚಿಕೊಂಡಿರುತ್ತದೆ. ನೀರಿಲ್ಲದವರು ರೋಹಿಣಿ ಮಳೆ, ಅಂದರೆ ಜೂನ್ ಮೊದಲ ವಾರ ದಾಟಿಸಬೇಡಿ. ಗುಂಡಿಯನ್ನು ಗುಂಡಿಯಾಗಿಯೇ ಬಿಡದೆ ಗೊಬ್ಬರ, ಮಣ್ಣು ತುಂಬಿ ಒಂದು ಗೇಣು ಎತ್ತರದ ದಿಬ್ಬ ಮಾಡಿ, ಇಲ್ಲದಿದ್ದರೆ ಜುಲೈನಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ. ಒಂದು ದಿಬ್ಬಕ್ಕೆ ನಾಲ್ಕೈದು ಬೀಜ ಹಾಕಿ, ಹುಟ್ಟಿದ ಮೇಲೆ ಗಟ್ಟಿಯಾದ ಎರಡನ್ನು ಉಳಿಸಿಕೊಳ್ಳಿ.

ಬಿತ್ತುವ ಮುಂಚೆ ಮಾಡುವ ಒಂದು ಕೆಲಸ ಇದೆ, ತುಂಬ ಜನ ಬಿಟ್ಟುಬಿಡುತ್ತಾರೆ, ನನ್ನ ಪ್ರಕಾರ ಅರ್ಧ ಕಳೆ ಅಲ್ಲೇ ಹೋಗುತ್ತದೆ. ಏಪ್ರಿಲ್‌ನಲ್ಲಿ ಒಂದೆರಡು ಅಡ್ಡಮಳೆ ಬರುತ್ತದಲ್ವಾ, ಅದಕ್ಕೆ ಮುಂಚೆ ಜಾಗ ಅಗೆದು, ದಿಬ್ಬ ಮಾಡಿ, ಎಲ್ಲ ಸಿದ್ಧ ಮಾಡಿಡಿ. ಬೀಜ ಮಾತ್ರ ಹಾಕಬೇಡಿ. ಮಳೆ ಬಿದ್ದ ಹತ್ತು ಹನ್ನೆರಡು ದಿನಕ್ಕೆ ನೆಲದ ಮೇಲೆ ಹಸಿರು ಕಾಣುತ್ತದೆ, ಎಲ್ಲ ಕಳೆಯ ಮೊಳಕೆ. ಬಿಸಿಲಿನ ದಿನ ನೋಡಿ ಗುದ್ದಲಿ ಮಲಗಿಸಿ ಹಿಡಿದು ಮೇಲೆ ಮೇಲೆ ಕೆತ್ತಿ ಬಿಡಿ, ಒಂದು ಇಂಚಿಗಿಂತ ಆಳ ಬೇಡ. ಸಂಜೆಯೊಳಗೆ ಒಣಗಿ ಹೋಗುತ್ತದೆ. ಇನ್ನೊಂದು ಮಳೆ ಬಂದರೆ ಇನ್ನೊಂದು ಸಲ ಹಾಗೇ. ಮಳೆ ಬಾರದಿದ್ದರೆ ನೀವೇ ನೀರು ಚಿಮುಕಿಸಿ ಹುಟ್ಟಿಸಿ. ಆಮೇಲೆ ಕುಂಬಳ ಹಾಕಿ.

ಆಳ ಬೇಡ ಅಂದೆ, ಅದಕ್ಕೆ ಕಾರಣ ಇದೆ. ಕಳೆ ಬೀಜಗಳು ಮಣ್ಣೊಳಗೆ ವರ್ಷಗಟ್ಟಲೆ ಮಲಗಿರುತ್ತವೆ. ಮೊಳೆಯುವುದು ಮೇಲಿನ ಒಂದೆರಡು ಇಂಚಿನಲ್ಲಿ ಇರುವವು ಮಾತ್ರ. ಅದರಲ್ಲೂ ಸಾಸಿವೆಗಿಂತ ಸಣ್ಣ ಬೀಜದ ಕಳೆಗಳಲ್ಲಿ ಬಹಳಷ್ಟಕ್ಕೆ ಮೊಳೆಯಲು ಬೆಳಕು ತಾಗಬೇಕು. ನಾವು ಆಳಕ್ಕೆ ಅಗೆದು ಮಣ್ಣು ಮಗುಚಿದಾಗಲೆಲ್ಲ ಕೆಳಗಿನ ಬೀಜಕ್ಕೆ ಬೆಳಕು ತೋರಿಸಿ ಎಬ್ಬಿಸುತ್ತೇವೆ. ಕಳೆ ಹೋಗಲಿ ಅಂತ ತಿಂಗಳಿಗೊಮ್ಮೆ ಅಗೆಯುವವರ ಹಿತ್ತಲಲ್ಲೇ ಕಳೆ ಜಾಸ್ತಿ ಇರುವುದು ಇದಕ್ಕೇ.

ಗೊಬ್ಬರದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕೊಟ್ಟಿಗೆ ಗೊಬ್ಬರ ಸರಿಯಾಗಿ ಕಳಿತಿರಬೇಕು. ದನ ತಿಂದ ಹುಲ್ಲಿನ ಬೀಜ ಎಷ್ಟೋ ಸಲ ಸಾಯದೆ ಸಗಣಿಯಲ್ಲಿ ಬರುತ್ತದೆ. ಗೊಬ್ಬರದ ರಾಶಿ ಒಳಗೆ 55ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿ ಕೆಲವು ದಿನ ನಿಂತರೆ ಹೆಚ್ಚಿನ ಬೀಜ ಸಾಯುತ್ತದೆ. ಮಳೆನೀರು ನಿಂತ ಗೊಬ್ಬರಗುಂಡಿಯಲ್ಲಿ ಆ ಬಿಸಿ ಹುಟ್ಟುವುದಿಲ್ಲ. ಬೇಸಿಗೆಯಲ್ಲಿ ಒಮ್ಮೆ ಗುಂಡಿಯಿಂದ ತೆಗೆದು ರಾಶಿ ಹಾಕಿ, ಮಗುಚಿ, ಮೇಲೆ ಸೋಗೆ ಮುಚ್ಚಿ ಇಟ್ಟರೆ ಕೆಲಸ ಆಗುತ್ತದೆ. ಹಸಿ ಸಗಣಿ, ಅರೆ ಕಳಿತ ಗೊಬ್ಬರವನ್ನು ಕುಂಬಳದ ದಿಬ್ಬಕ್ಕೆ ಸುರಿಯುವುದು ಅಂದರೆ ಕಳೆಯನ್ನು ಕೈಯಾರೆ ಬಿತ್ತಿದ ಹಾಗೆ.

ಈಗ ಮುಚ್ಚಿಗೆ. ಬಯಲಾಗಿ ಬಿದ್ದ ಆ ಜಾಗವನ್ನು ಮುಚ್ಚಬೇಕು. ಮಲೆನಾಡಿನಲ್ಲಿ ಇದಕ್ಕೆ ದುಡ್ಡು ಕೊಟ್ಟು ಏನನ್ನೂ ತರಬೇಕಾಗಿಲ್ಲ. ಅಡಿಕೆ ಸುಲಿದ ಮೇಲೆ ಸಿಪ್ಪೆಯ ರಾಶಿ ಬಿದ್ದಿರುತ್ತದೆ, ಎಷ್ಟೋ ಕಡೆ ಅದನ್ನು ಸುಟ್ಟು ಹಾಕುತ್ತಾರೆ, ನೋಡಿದರೆ ಬೇಜಾರಾಗುತ್ತದೆ. ಅಡಿಕೆ ಸಿಪ್ಪೆ ಬೇಗ ಕೊಳೆಯುವುದಿಲ್ಲ. ಒಂದಕ್ಕೊಂದು ಹೆಣೆದುಕೊಂಡು ಕೂರುವುದರಿಂದ ನಿಮ್ಮ ಕಡೆಯ ಮಳೆಗೆ ಸುಲಭಕ್ಕೆ ಕೊಚ್ಚಿಯೂ ಹೋಗುವುದಿಲ್ಲ. ಘಟ್ಟದ ಮಳೆಗೆ ನನ್ನ ಮೊದಲ ಆಯ್ಕೆ ಅದೇ. ಅದಿಲ್ಲದಿದ್ದರೆ ದರಕು (ಉದುರಿದ ಒಣಗೆಲೆ) ಹಾಸಿ, ಹಾರದ ಹಾಗೆ, ತೇಲದ ಹಾಗೆ ಮೇಲೆ ಅಡಿಕೆ ಸೋಗೆ ಹೇರಿ. ಬತ್ತದ ಹುಲ್ಲೂ ಆಗುತ್ತದೆ, ಆದರೆ ಕಾಳು ಉಳಿದಿರುವ ಹುಲ್ಲಾದರೆ ಬತ್ತವೇ ಕಳೆಯಾಗಿ ಹುಟ್ಟುತ್ತದೆ, ಕೋಳಿಗಳು ಕೆದಕಿ ಹಾಳು ಮಾಡುತ್ತವೆ. ಚೆನ್ನಾಗಿ ಬಡಿದ ಹುಲ್ಲು ಹಾಕಿ.

ಎಷ್ಟು ದಪ್ಪ? ಹಾಕುವಾಗ ಒಂದು ಗೇಣು. ಎರಡು ಮಳೆಗೆ ಅದು ಕೂತು ಅರ್ಧಕ್ಕೆ ಬರುತ್ತದೆ. ತೆಳ್ಳಗೆ ಹಾಸಿದರೆ ಉಪಯೋಗ ಇಲ್ಲ, ಕಳೆ ಸಂದಿಯಿಂದ ತಲೆ ಎತ್ತುತ್ತದೆ, ಅದನ್ನು ಕೆತ್ತಲು ಮುಚ್ಚಿಗೆಯೇ ಅಡ್ಡ ಬರುತ್ತದೆ. ಅಂಗಡಿಯಿಂದ ಬರುವ ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ, ಅಂಟುಪಟ್ಟಿ, ಪಿನ್ನು ಕಿತ್ತು, ಮೊದಲು ನೆಲಕ್ಕೆ ಹಾಸಿ, ಅಂಚಿಗೆ ಅಂಚು ಒಂದು ಗೇಣು ಮೇಲೆ ಬರುವ ಹಾಗೆ ಜೋಡಿಸಿ, ಅದರ ಮೇಲೆ ಸಿಪ್ಪೆಯೋ ದರಕೋ ಹಾಕಿದರೆ ಆ ಆರು ವಾರ ಆರಾಮಾಗಿ ದಾಟುತ್ತದೆ. ರಟ್ಟು ಮಳೆಗಾಲ ಮುಗಿಯುವುದರೊಳಗೆ ಕರಗಿ ಮಣ್ಣಾಗುತ್ತದೆ. ಬಳ್ಳಿ ಗೆಣ್ಣಿನಲ್ಲಿ ಬೇರು ಬಿಡಲು ಅದು ಅಡ್ಡಿಯೂ ಆಗುವುದಿಲ್ಲ. ಸಿಪ್ಪೆ, ಹುಲ್ಲನ್ನು ಮಣ್ಣಿಗೆ ಸೇರಿಸಿ ಅಗೆಯಬೇಡಿ. ಮೇಲೇ ಇರಲಿ. ಒಳಗೆ ಹೋದರೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನು ಎಳೆದುಕೊಂಡು ಬಳ್ಳಿಯನ್ನು ಹಳದಿ ಮಾಡುತ್ತದೆ.

ಮುಚ್ಚಿಗೆಯಲ್ಲಿ ಎರಡು ಎಚ್ಚರ ಬೇಕು. ಒಂದು, ಗಿಡದ ಬುಡಕ್ಕೆ ತಾಗಿಸಬೇಡಿ. ಸುತ್ತ ಒಂದು ಗೇಣು ಜಾಗ ಖಾಲಿ ಬಿಡಿ. ತಾಗಿಸಿದರೆ ಮಳೆಗಾಲದಲ್ಲಿ ಬುಡ ಕೊಳೆಯುತ್ತದೆ, ಬಸವನಹುಳುಗಳು ಅಲ್ಲೇ ಅಡಗಿ ರಾತ್ರಿ ಎಳೆ ಗಿಡವನ್ನು ಮೇಯುತ್ತವೆ. ಆ ಖಾಲಿ ಬಿಟ್ಟ ಸುತ್ತಿನ ಕಳೆಯನ್ನು ಕೈಯಲ್ಲೇ ತೆಗೆಯಬೇಕು, ವಾರಕ್ಕೊಮ್ಮೆ ಐದು ನಿಮಿಷದ ಕೆಲಸ. ಮೊಳಕೆ ಎರಡು ಎಲೆ ಇರುವಾಗಲೇ ಚಿವುಟಿ ಬಿಡಿ, ಬೆಳೆಯಲು ಬಿಡಬೇಡಿ.

ಎರಡನೆಯದು ತುಂಬ ಮುಖ್ಯ, ದಯವಿಟ್ಟು ಗಮನ ಕೊಡಿ. ದರಕು ಕಾಡಿನಿಂದ, ಸೊಪ್ಪಿನ ಬೆಟ್ಟದಿಂದ ತರುವುದು ಸಾಮಾನ್ಯವಾಗಿ ಜನವರಿಯಿಂದ ಏಪ್ರಿಲ್‌ವರೆಗೆ. ಮಂಗನ ಕಾಯಿಲೆಯ ಕಾಲವೂ ಅದೇ. 1957ರಲ್ಲಿ ಆ ಕಾಯಿಲೆಯನ್ನು ಮೊದಲು ಗುರುತಿಸಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಅದನ್ನು ಹರಡುವ ಉಣುಗು (ಉಣ್ಣೆ) ಒಣಗೆಲೆಯ ನಡುವೆ ಇರುತ್ತದೆ. ಮಂಗ ಸತ್ತ ಸುದ್ದಿ ಇರುವ ಕಾಡಿನಿಂದ ದರಕು ತರಲೇಬೇಡಿ. ಬೇರೆ ಕಡೆ ಹೋಗುವಾಗಲೂ ಮೈ ತುಂಬ ಬಟ್ಟೆ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು ಹೋಗಿ. ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ, ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ದರಕಿನ ರಾಶಿಯನ್ನು ಮನೆ ಬಾಗಿಲಲ್ಲಿ, ಅಂಗಳದಲ್ಲಿ ಹಾಕಬೇಡಿ. ಅಡಿಕೆ ಸಿಪ್ಪೆ ಇದ್ದರೆ ದರಕಿನ ಗೊಡವೆಯೇ ಬೇಡ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಮಾರಾಟಕ್ಕೆ ಎಕರೆಗಟ್ಟಲೆ ಬೆಳೆಯುವವರ ಲೆಕ್ಕ ಬೇರೆ. ಮನೆ ಹಿತ್ತಲಿಗೆ ನನಗೆ ಅದು ಇಷ್ಟವಿಲ್ಲ. ಗೆಣ್ಣುಗಳಿಗೆ ನೆಲ ಸಿಗುವುದಿಲ್ಲ, ಹರಿದ ಚೂರುಗಳು ವರ್ಷಾನುಗಟ್ಟಲೆ ಮಣ್ಣಲ್ಲಿ ಉಳಿಯುತ್ತವೆ. ಆದರೆ ಬಿತ್ತುವ ಮೊದಲು ಹಳೆಯ ಟಾರ್ಪಾಲು ಇದ್ದರೆ ಮಾರ್ಚ್, ಏಪ್ರಿಲ್‌ನಲ್ಲಿ ಆ ಜಾಗದ ಮೇಲೆ ಹಾಸಿ ಕಲ್ಲು ಹೇರಿ ಬಿಡಿ. ಆರೆಂಟು ವಾರ ಬೆಳಕು ಸಿಗದಿದ್ದರೆ ಹಳೆ ಹುಲ್ಲು ಸುಮಾರಾಗಿ ಸೋಲುತ್ತದೆ. ತೆಗೆಯುವಾಗ ಕೋಲಿನಿಂದ ಎತ್ತಿ, ಅಡಿಯಲ್ಲಿ ಹಾವು ಇರಬಹುದು.

ಮುಚ್ಚಿಗೆಗೆ ಏನೂ ಸಿಗದವರು ದಿಬ್ಬಗಳ ನಡುವಿನ ಜಾಗದಲ್ಲಿ ಏನಾದರೂ ಬಿತ್ತಿ. ಹರಿವೆ ಬಹಳ ಒಳ್ಳೆಯದು, ಮೇ ತಿಂಗಳಲ್ಲಿ ಒತ್ತಾಗಿ ಚೆಲ್ಲಿದರೆ ಒಂದು ತಿಂಗಳಲ್ಲಿ ಕಿತ್ತು ಪಲ್ಯ, ಹುಳಿ ಮಾಡಬಹುದು, ಅಷ್ಟರಲ್ಲಿ ಬಳ್ಳಿ ಬಂದು ಆ ಜಾಗ ಹಿಡಿಯುತ್ತದೆ. ಅಲಸಂದೆಯನ್ನು ಒತ್ತಾಗಿ ಹಾಕಿ, ಬಳ್ಳಿ ಹತ್ತಿರ ಬರುವಾಗ ಬುಡಕ್ಕೆ ಕೊಯ್ದು ಅಲ್ಲೇ ಮಲಗಿಸಿದರೂ ಆಗುತ್ತದೆ. ಕೊಯ್ಯುವುದು ಮಾತ್ರ, ಕೀಳುವುದು ಬೇಡ. ಅದರ ಬೇರಿನ ಗಂಟಿನಲ್ಲಿರುವ ಸಾರಜನಕ ಮಣ್ಣಿಗೇ ಉಳಿಯಲಿ.

ಇನ್ನು ನಿಮ್ಮನ್ನು ಕಾಡುತ್ತಿರುವ ಆ ಎರಡು.

ಜೇಕು ಅಂದರೆ ಮೇಲೆ ಕಾಣುವ ಹುಲ್ಲು ಏನೇನೂ ಅಲ್ಲ, ಇರುವುದೆಲ್ಲ ಕೆಳಗೆ. ಒಂದು ಗಡ್ಡೆಯಿಂದ ದಾರದಂಥ ಬೇರು ಹೊರಟು ಇನ್ನೊಂದು ಗಡ್ಡೆ, ಅದರಿಂದ ಇನ್ನೊಂದು, ಹೀಗೆ ಸರಪಳಿ. ಮೇಲಿನದು ಚಿಗುರಿರುವವರೆಗೆ ಸರಪಳಿಯ ಉಳಿದ ಗಡ್ಡೆಗಳಲ್ಲಿ ಬಹಳಷ್ಟು ಸುಮ್ಮನೆ ಮಲಗಿರುತ್ತವೆ. ನೀವು ಹುಲ್ಲು ಹಿಡಿದು ಎಳೆದಾಗ ದಾರ ಕಡಿಯುತ್ತದೆ, ಕೆಳಗಿನವು ಒಂದೊಂದಾಗಿ ಎದ್ದು ಚಿಗುರುತ್ತವೆ. ಒಂದು ಕಿತ್ತಲ್ಲಿ ನಾಲ್ಕು ಬಂತು ಅಂತ ಜನ ಹೇಳುವುದು ಸುಳ್ಳಲ್ಲ. ಪವರ್ ಟಿಲ್ಲರ್ ಹೊಡೆಸಿದರಂತೂ ಗಡ್ಡೆಗಳನ್ನು ಬೇರೆ ಮಾಡಿ ಹಿತ್ತಲ ತುಂಬ ಹಂಚಿದ ಹಾಗೆ. ಜೇಕಿನ ತುದಿ ಎಷ್ಟು ಚೂಪು ಅಂದರೆ ಪ್ಲಾಸ್ಟಿಕ್ ಹಾಳೆಯನ್ನೇ ತೂತು ಮಾಡಿಕೊಂಡು ಮೇಲೆ ಬರುತ್ತದೆ. ಒಂದು ಪದರ ಪೇಪರು ಅದಕ್ಕೆ ಲೆಕ್ಕವೇ ಅಲ್ಲ.

ಜೇಕಿಗೆ ಎರಡು ದೌರ್ಬಲ್ಯ ಇದೆ. ಬಿಸಿಲಿಗೆ ಬಿದ್ದ ಗಡ್ಡೆ ಒಣಗಿ ಸಾಯುತ್ತದೆ, ಮತ್ತು ನೆರಳಲ್ಲಿ ಅದು ಸೊರಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ನೆಲ ಒಣಗಿರುವಾಗ ಜೇಕು ಜಾಸ್ತಿ ಇರುವ ಜಾಗವನ್ನು ಒಂದು ಅಡಿ ಆಳಕ್ಕೆ ಪಿಕಾಸಿಯಲ್ಲಿ ಎಬ್ಬಿಸಿ, ಹೆಂಟೆಗಳನ್ನು ಮಗುಚಿ ಬಿಸಿಲಿಗೆ ಬಿಡಿ. ಕೈಗೆ ಸಿಕ್ಕ ಗಡ್ಡೆ ಆರಿಸಿ ತೆಗೆಯಿರಿ. ಎರಡು ವಾರ ಬಿಟ್ಟು ಇನ್ನೊಮ್ಮೆ ಮಗುಚಿ. ಆಳ ಅಗೆಯಬೇಡಿ ಅಂದ ಮಾತಿಗೆ ಜೇಕಿನ ಜಾಗ ಒಂದೇ ಹೊರತು, ಅದೂ ಬೇಸಿಗೆಯಲ್ಲಿ ಮಾತ್ರ. ಆರಿಸಿದ ಗಡ್ಡೆಯನ್ನು ಗೊಬ್ಬರಗುಂಡಿಗೆ ಹಾಕಬೇಡಿ, ಅಲ್ಲಿ ಬದುಕಿಕೊಂಡು ಮುಂದಿನ ವರ್ಷ ಗೊಬ್ಬರದ ಜೊತೆ ವಾಪಸ್ ಬರುತ್ತದೆ. ಒಣಗಿಸಿ ಒಲೆಗೆ ಹಾಕಿ. ಮಳೆಗಾಲದಲ್ಲಿ ಮೇಲೆ ಬಂದದ್ದನ್ನು ಕೀಳದೆ ನೆಲಮಟ್ಟಕ್ಕೆ ಕೊಯ್ಯುತ್ತಾ ಇರಿ, ಐದಾರು ಎಲೆ ಆಗುವ ಮುಂಚೆಯೇ. ಎಲೆ ಇಲ್ಲದೆ ಗಡ್ಡೆ ತನ್ನ ಕೂಡಿಟ್ಟದ್ದನ್ನು ಖರ್ಚು ಮಾಡುತ್ತದೆ. ಮೇಲೆ ಕುಂಬಳದ ಎಲೆ ಮುಚ್ಚಿದರೆ ಹೊಸ ಗಡ್ಡೆ ಕಟ್ಟುವುದು ತುಂಬ ಕಡಿಮೆಯಾಗುತ್ತದೆ. ಒಂದೇ ವರ್ಷದಲ್ಲಿ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಎರಡು ಮೂರು ವರ್ಷ ಬಿಡದೆ ಮಾಡಿದರೆ ಅದು ಇದ್ದೂ ಇಲ್ಲದ ಹಾಗೆ ಆಗುತ್ತದೆ, ಮನೆ ಹಿತ್ತಲಿಗೆ ಅಷ್ಟು ಸಾಕು.

ಗರಿಕೆ ಬರುವ ದಾರಿಯೇ ಬೇರೆ, ಅದು ಹೆಚ್ಚಾಗಿ ಅಂಚಿನಿಂದ ತೆವಳಿಕೊಂಡು ಒಳಗೆ ಬರುತ್ತದೆ. ಹಿತ್ತಲ ಸುತ್ತ ಒಂದು ಗೇಣು ಆಳದ, ಗುದ್ದಲಿ ಅಗಲದ ಸಣ್ಣ ಕಾಲುವೆ ತೆಗೆದುಬಿಡಿ. ನೀರು ಬಸಿದು ಹೋಗಲೂ ಅದು ಬೇಕು. ಕಾಲುವೆ ದಾಟುವ ಗರಿಕೆಯ ಕುಡಿಯನ್ನು ಹದಿನೈದು ದಿನಕ್ಕೊಮ್ಮೆ ಕುಡುಗೋಲಲ್ಲಿ ಸವರಿ. ಒಳಗೆ ಇರುವುದನ್ನು ಬೇಸಿಗೆಯಲ್ಲೇ ಬೇರುಸಮೇತ ಬಿಡಿಸಿ ತೆಗೆಯಬೇಕು, ಒಂದು ಗೆಣ್ಣು ಉಳಿದರೂ ಚಿಗುರುತ್ತದೆ. ಒಳ್ಳೆಯ ವಿಷಯ ಅಂದರೆ ಗರಿಕೆ ನೆರಳನ್ನು ಸ್ವಲ್ಪವೂ ತಾಳಿಕೊಳ್ಳುವುದಿಲ್ಲ. ರಟ್ಟು, ಸಿಪ್ಪೆ, ಮೇಲೆ ಕುಂಬಳದ ಎಲೆ, ಇಷ್ಟಾದರೆ ಅದು ಸೋಲುತ್ತದೆ. ಗಣಪತಿ ಹಬ್ಬಕ್ಕೆ ಬೇಕಾದಷ್ಟು ಕಾಲುವೆಯ ಆಚೆ ದಡದಲ್ಲಿ ಇರಲಿ.

ನೀವು ಹೆಸರು ಹೇಳದಿದ್ದರೂ ನಿಮ್ಮ ಹಿತ್ತಲಲ್ಲಿ ಕನ್ನೆಸೊಪ್ಪು ಇದ್ದೇ ಇರುತ್ತದೆ, ನೀಲಿ ಹೂವಿನದು, ರಸಭರಿತ ದಂಟು. ಅದನ್ನು ಕಿತ್ತು ಹಸಿ ನೆಲಕ್ಕೆ ಎಸೆದರೆ ಒಂದೊಂದು ತುಂಡೂ ಗಿಡವಾಗುತ್ತದೆ. ಮೇಲಿನ ಹೂವಲ್ಲದೆ ಮಣ್ಣೊಳಗೂ ಅದು ಹೂ ಬಿಟ್ಟು ಬೀಜ ಕಟ್ಟುತ್ತದೆ, ಹಾಗಾಗಿ ಮೇಲೆ ಕೊಯ್ದರೆ ಮುಗಿಯುವುದಿಲ್ಲ. ಸಣ್ಣದಿರುವಾಗ ಬೇರುಸಮೇತ ಎತ್ತಿ ಹಿತ್ತಲಿನಿಂದ ಹೊರಗೆ ಒಯ್ಯಿರಿ, ದನಕ್ಕೆ ಹಾಕಿ. ನಾಚಿಕೆಮುಳ್ಳನ್ನು ಬೆರಳುದ್ದ ಇರುವಾಗ ಹಸಿ ಮಣ್ಣಿನಲ್ಲಿ ಎಳೆದರೆ ಸುಲಭವಾಗಿ ಬರುತ್ತದೆ, ಬಿಟ್ಟರೆ ಆಮೇಲೆ ಮುಟ್ಟುವ ಹಾಗಿಲ್ಲ, ಅದರ ಬೀಜ ಮಣ್ಣಲ್ಲಿ ಬಹಳ ವರ್ಷ ಉಳಿಯುತ್ತದೆ. ಉಜ್ಜಿದರೆ ಘಾಟು ವಾಸನೆ ಬರುವ, ತಿಳಿ ನೇರಳೆ ಹೂಗುಚ್ಛದ ಆ ಮೆತ್ತನೆ ಗಿಡ ಇದೆಯಲ್ಲ, ಅದರ ಬೀಜ ಧೂಳಿನಷ್ಟು ಸಣ್ಣ. ಮುಚ್ಚಿಗೆ ದಪ್ಪಗಿದ್ದರೆ ಅದು ಹುಟ್ಟುವುದೇ ಕಡಿಮೆ. ಹೂ ಬಿಳಿಯಾಗಿ ಒಣಗುವ ಮುಂಚೆ ಕೊಯ್ದರೆ ಸಾಕು.

ಎಲ್ಲವನ್ನೂ ಕಳೆ ಅಂತ ಎಣಿಸಬೇಡಿ ಅಂತಲೂ ಹೇಳಬೇಕು. ಒಂದೆಲಗ, ಹೊನಗೊನ್ನೆ, ಗಣಿಕೆ, ಎಳೆ ಚಗಟೆ ಇವೆಲ್ಲ ತಂಬುಳಿಗೆ, ಪಲ್ಯಕ್ಕೆ ಆಗುವಂಥವು. ಭೂಮಿ ಹುಣ್ಣಿಮೆಯ ಬೆರಕೆ ಸೊಪ್ಪಿಗೆ ನಾವು ಹುಡುಕುವುದು ಇಂಥ ಅಂಚುಗಳಲ್ಲೇ ಅಲ್ವಾ. ಬೇಲಿಯ ಬುಡದಲ್ಲಿ ತುಂಬೆ ಗಿಡ ಇದ್ದರೆ ಬಿಡಿ, ಜೇನು ಬರುತ್ತದೆ. ಕುಂಬಳದ ಹೂ ಬೆಳಗ್ಗೆ ಬೇಗ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ, ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಹೋಗಲು ತುಡುವೆ ಜೇನೋ ಮಿಸರಿ ಜೇನೋ ಬರಲೇಬೇಕು. ಆದರೆ ಬಳ್ಳಿಯ ನಡುವೆ ಮಾತ್ರ ದಟ್ಟ ಕಳೆ ಬೇಡ. ಗಾಳಿ ಆಡದೆ ಎಲೆ ಒದ್ದೆಯಾಗೇ ಇದ್ದರೆ ಬೂಜು ರೋಗ ಹಿಡಿಯುತ್ತದೆ, ಜೇನಿಗೆ ಹೂವೂ ಕಾಣುವುದಿಲ್ಲ.

ಬಳ್ಳಿ ಓಡಿದ ಮೇಲೆ ನಿಯಮ ಒಂದೇ, ಕೀಳಬೇಡಿ, ಕೊಯ್ಯಿರಿ. ಬಳ್ಳಿಗಿಂತ ಎತ್ತರವಾಗಿ ನೆರಳು ಮಾಡುವ ಗಿಡ, ಬಳ್ಳಿಯ ಮೇಲೆ ಹತ್ತುವ ಗಿಡ, ಬೀಜ ಬಿಡಲು ಬಂದ ಗಿಡ, ಈ ಮೂರನ್ನು ಮಾತ್ರ ನೆಲಮಟ್ಟಕ್ಕೆ ಕೊಯ್ದು ಅಲ್ಲೇ ಹಾಸಿ. ಕೆಳಗಿನ ಸಣ್ಣಪುಟ್ಟದ್ದು ಇದ್ದರೆ ಇರಲಿ. ಬಳ್ಳಿಯನ್ನು ಎತ್ತಿ ಆ ಕಡೆ ಈ ಕಡೆ ತಿರುಗಿಸಲು ಹೋಗಬೇಡಿ, ಕಚ್ಚಿದ ಬೇರು ಹರಿಯುತ್ತದೆ. ದಾರಿ ಬೇಕು ಅನ್ನಿಸಿದರೆ ತುದಿ ಇನ್ನೂ ಎಳೆಯದಾಗಿರುವಾಗಲೇ ತಿರುಗಿಸಿ. ಓಡಾಡಲು ಒಂದೆರಡು ಕಡೆ ಹಲಗೆಯೋ ಅಡಿಕೆ ದಬ್ಬೆಯೋ ಹಾಕಿಕೊಳ್ಳಿ. ಕಾಯಿ ಕೂತ ಮೇಲೆ ಅದರ ಅಡಿಗೆ ಒಂದು ಅಡಿಕೆ ಹಾಳೆ ಇಡಿ. ಅಕಸ್ಮಾತ್ ಈ ವರ್ಷವೂ ಆಗಸ್ಟ್‌ನಲ್ಲಿ ಕಳೆ ಮೇಲೇರಿದರೆ ಒಂದೇ ದಿನ ಪೂರ್ತಿ ಬಯಲು ಮಾಡಬೇಡಿ. ಮೋಡದ ದಿನ ನೋಡಿ ಕಾಲುಭಾಗ ಕೊಯ್ಯಿರಿ, ಮೂರ್ನಾಲ್ಕು ದಿನ ಬಿಟ್ಟು ಇನ್ನೊಂದು ಭಾಗ. ಕೊಯ್ದಲ್ಲಿ ಗೆಣ್ಣುಗಳ ಮೇಲೆ ಒಂದ್ಹಿಡಿ ಕಳಿತ ಗೊಬ್ಬರ, ಮಣ್ಣು ಹಾಕಿದರೆ ಬಳ್ಳಿ ಚೇತರಿಸಿಕೊಳ್ಳುತ್ತದೆ. ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ ನೋಡುವುದು ಮರೆಯಬೇಡಿ.

ಈಗ ಔಷಧಿಯ ಮಾತು. ಅಂಗಡಿಯಲ್ಲಿ ಜನ ಹುಲ್ಲಿನ ಔಷಧಿ ಅಂತ ಕೇಳಿ ತರುವುದರಲ್ಲಿ ಹೆಚ್ಚಿನದು ಗ್ಲೈಫೋಸೇಟ್. ಅದು ಹಸಿರು ಭಾಗಕ್ಕೆ ತಾಗಿದರೆ ಒಳಗೆ ಇಳಿದು ಬೇರಿನವರೆಗೆ ಹೋಗಿ ಸಾಯಿಸುತ್ತದೆ. ಹುಲ್ಲು ಯಾವುದು, ಕುಂಬಳ ಯಾವುದು ಅಂತ ಅದಕ್ಕೆ ಗೊತ್ತಿಲ್ಲ. ಬಳ್ಳಿ ನೆಲದಲ್ಲೇ ಹರಡಿರುವಾಗ ತಾಗದಂತೆ ಹೊಡೆಯುವುದು ಸಾಧ್ಯವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಗುಂಪಿಗೆ ಸೇರಿಸಿತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ, ಪರವಾನಗಿ ಇರುವ ಕೀಟ ನಿಯಂತ್ರಕರ ಮೂಲಕ ಮಾತ್ರ ಅದನ್ನು ಬಳಸಬೇಕು ಅಂತ ಆದೇಶ ಹೊರಡಿಸಿತ್ತು. ಪ್ಯಾರಾಕ್ವಾಟ್ ಅಂತ ಇನ್ನೊಂದು ಇದೆ, ಅದು ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿಮದ್ದೇ ಇಲ್ಲ. ಮಕ್ಕಳು ಇರುವ ಮನೆಯಲ್ಲಿ ಅಂಥದ್ದನ್ನು ಇಟ್ಟುಕೊಳ್ಳುವುದೇ ಬೇಡ. ಹಿತ್ತಲು ಅಂದರೆ ಕುಡಿಯುವ ನೀರಿನ ಬಾವಿಯೂ ಪಕ್ಕದಲ್ಲೇ ಇರುತ್ತದೆ.

ಗದ್ದೆಯ ಅಗಲ ಎಲೆ ಕಳೆಗೆ ಹೊಡೆಯುವ 2,4-ಡಿ ಬಗ್ಗೆ ಬೇರೆಯಾಗಿ ಹೇಳಬೇಕು, ಯಾಕೆಂದರೆ ಕುಂಬಳದ ಜಾತಿ ಅದಕ್ಕೆ ತುಂಬಾ ಸೂಕ್ಷ್ಮ. ಪಕ್ಕದ ಗದ್ದೆಗೆ ಹೊಡೆದದ್ದು ಗಾಳಿಯಲ್ಲಿ ಸ್ವಲ್ಪ ತೇಲಿ ಬಂದರೂ ಸಾಕು, ಬಳ್ಳಿಯ ಕುಡಿ ಮುರುಟಿ, ಎಲೆ ಸಣ್ಣಗೆ ವಿಕಾರವಾಗುತ್ತದೆ. ನೋಡಿದವರು ವೈರಸ್ ರೋಗ ಅಂತ ತಿಳಿಯುತ್ತಾರೆ. ಗದ್ದೆಯವರಿಗೆ ಮುಂಚೆಯೇ ಹೇಳಿ, ಗಾಳಿ ಇಲ್ಲದ ಹೊತ್ತಿನಲ್ಲಿ ಹೊಡೆಯಲಿ. ಕಳೆ ಔಷಧಿ ಹೊಡೆದ ಪಂಪನ್ನು ಎರವಲು ತಂದು ಬೇವಿನ ಎಣ್ಣೆ ಸಿಂಪಡಿಸಲು ಬಳಸಬೇಡಿ, ಎಷ್ಟು ತೊಳೆದರೂ ಸ್ವಲ್ಪ ಉಳಿದಿರುತ್ತದೆ. ಉಪ್ಪು, ವಿನೆಗರ್ ಬೆರೆಸಿ ಹಾಕುವ ವಿಡಿಯೋಗಳನ್ನು ನೋಡಿ ಮೋಸ ಹೋಗಬೇಡಿ. ವಿನೆಗರ್ ಎಲೆ ಸುಡುತ್ತದೆ, ಬೇರು ಉಳಿಯುತ್ತದೆ. ಉಪ್ಪು ಕುಂಬಳದ ಬೇರಿಗೆ ಇಳಿದು ಮಣ್ಣು ಹಾಳು ಮಾಡುತ್ತದೆ.

ಕಾಯಿ ಕೊಯ್ದು ಮುಗಿದ ಮೇಲೆ ಹಿತ್ತಲನ್ನು ಹಾಗೇ ಬಿಡಬೇಡಿ, ಅಕ್ಟೋಬರ್, ನವೆಂಬರ್‌ನಲ್ಲಿ ಬೀಜ ಉದುರಿಸುವ ಕಳೆಯೇ ಮುಂದಿನ ವರ್ಷದ್ದು. ಒಣಗಿದ ಬಳ್ಳಿ ತೆಗೆದು, ಇರುವ ಕಳೆ ಕೊಯ್ದು, ನೆಲದಲ್ಲಿ ಹಸಿ ಇರುವಾಗಲೇ ಹುರುಳಿ ಚೆಲ್ಲಿಬಿಡಿ. ಇಷ್ಟಾದ ಮೇಲೂ ಗುರುತು ಸಿಗದ, ಯಾವುದಕ್ಕೂ ಬಗ್ಗದ ಕಳೆ ಇದ್ದರೆ ಹೂವು, ಬೇರುಸಮೇತ ಒಂದು ಗಿಡ ಕಿತ್ತು ಒದ್ದೆ ಪೇಪರಿನಲ್ಲಿ ಸುತ್ತಿಕೊಂಡು ಶಿವಮೊಗ್ಗದ ನವುಲೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಬೇರು ಇಲ್ಲದೆ ಬರೀ ಎಲೆ ತೆಗೆದುಕೊಂಡು ಹೋದರೆ ಗುರುತು ಹಿಡಿಯುವುದು ಅವರಿಗೂ ಕಷ್ಟ.